ಕಿವಿಯಿಂದ ಹಾರಿಸಿದ ವಿಮಾನ

ಚಂದ್ರಮೋಹನನ ಹೆದರಿಕೆ ಶುರುವಾದದ್ದು ಒಂದು ಟೀ ಲೋಟದಿಂದ. ಎಂಟು ತಿಂಗಳ ಹಿಂದೆ ಆದೋನಿಯ ತನ್ನ ಅಂಗಡಿಯಲ್ಲಿ ಕೂತು, ಹೊಲಕ್ಕೆ ಔಷಧಿ ಹೊಡೆಯುವ ಪಂಪಿನ ಎಂಜಿನ್ ಬಿಚ್ಚುತ್ತಿದ್ದಾಗ ಪಕ್ಕದಲ್ಲೇ ಇಟ್ಟಿದ್ದ ಲೋಟಕ್ಕೆ ಮೊಣಕೈ ತಗುಲಿ ಅದು ಉರುಳಿತು. ಮೊಣಕೈ ತಗುಲುವುದು ದೊಡ್ಡ ಮಾತಲ್ಲ. ಲೋಟ ಅಲ್ಲಿದ್ದದ್ದೇ ಅವನಿಗೆ ಕಂಡಿರಲಿಲ್ಲ, ಅದು ದೊಡ್ಡ ಮಾತು. ಆಮೇಲೆ ಬಾಗಿಲ ಚೌಕಟ್ಟು ಭುಜಕ್ಕೆ ಬಡಿಯಿತು. ಎಡಗಡೆಯಿಂದ ಬಂದ ಆಟೋ ಮೊದಲು ಕಿವಿಗೆ ಕೇಳಿ ಆಮೇಲೆ ಕಣ್ಣಿಗೆ ಬಿತ್ತು. ಯಾರಿಗೂ ಹೇಳದೆ ಕರ್ನೂಲಿನ ಬಸ್ಸು ಹತ್ತಿ ಹೋಗಿ ಕಣ್ಣು ತೋರಿಸಿಕೊಂಡು ಬಂದ. ಕಣ್ಣಿನ ನರ ಒಣಗುತ್ತಿದೆ, ಹೋದ ನೋಟ ಮರಳಿ ಬರುವುದಿಲ್ಲ, ಉಳಿದದ್ದಾದರೂ ಉಳಿಯಬೇಕಾದರೆ ದಿನಕ್ಕೆ ಎರಡು ಸಲ ಹನಿ ಹಾಕಿಕೊಳ್ಳಬೇಕು ಎಂದರು ಡಾಕ್ಟರು. ಸುತ್ತಲಿಂದ ಕಿರಿದಾಗುತ್ತ ಬಂದ ನೋಟ ಈಗ ಪೈಪಿನೊಳಗಿಂದ ಇಣುಕಿದಷ್ಟೇ ಉಳಿದಿತ್ತು. ಹನಿಯ ಬಾಟಲಿಯನ್ನು ಅವನು ಮನೆಗೆ ಒಯ್ಯಲಿಲ್ಲ. ಅಂಗಡಿಯಲ್ಲೇ ನಟ್ಟು ಬೋಲ್ಟುಗಳ ಡಬ್ಬಿಯೊಳಗೆ ಬಚ್ಚಿಟ್ಟ.

ಬಚ್ಚಿಡಲು ಕಾರಣವಿತ್ತು. ಆದೋನಿಯಲ್ಲಿ ಪಂಪು ರಿಪೇರಿ ಮಾಡುವವರು ಹತ್ತು ಜನ ಸಿಗುತ್ತಾರೆ, ರಿಮೋಟಿನಲ್ಲಿ ವಿಮಾನ ಹಾರಿಸುವವನು ಇವನೊಬ್ಬನೇ. ಇಪ್ಪತ್ತು ವರ್ಷದ ಹಿಂದೆ ಥರ್ಮಾಕೋಲಿನಲ್ಲಿ ಶುರು ಮಾಡಿದ ಹುಚ್ಚು ಅದು. ಈಗ ಮಂತ್ರಾಲಯದ ಕಡೆಯಿಂದಲೂ ಕಾಲೇಜಿನವರು ವಾರ್ಷಿಕೋತ್ಸವಕ್ಕೆ ಕರೆಯುತ್ತಾರೆ, ಶಾಲು ಹೊದಿಸುತ್ತಾರೆ, ಊರೆಲ್ಲ ವಿಮಾನದ ಚಂದ್ರಣ್ಣ ಅನ್ನುತ್ತದೆ. ಹೆಸರಿನ ಮುಂದೆ ವಿಮಾನ ಸೇರಿಸಿಕೊಂಡ ಮನುಷ್ಯ ತನಗೆ ಕಣ್ಣು ಕಾಣುವುದಿಲ್ಲ ಅಂತ ಯಾವ ಬಾಯಿಂದ ಹೇಳಿಯಾನು? ಹೇಳಬೇಕಿತ್ತು ಅನ್ನುವುದು ನಮ್ಮ ನಿಮ್ಮ ಮಾತು. ನಮ್ಮ ಹೆಸರಿನ ಮುಂದೆ ಏನೂ ಇಲ್ಲ.

ಹೇಳುವ ಬದಲು ಅವನು ಉಪಾಯ ಮಾಡಿದ. ಕಣ್ಣಿನ ಕೆಲಸವನ್ನು ಕಿವಿಗೆ ವಹಿಸಿದ. ಈ ಸಲ ಕಟ್ಟಿದ ವಿಮಾನ ದೊಡ್ಡದು. ರೆಕ್ಕೆಯ ಉದ್ದ ಎಂಟಡಿ, ತೂಕ ಹನ್ನೆರಡು ಕೇಜಿ, ಮೂಗಿನಲ್ಲಿ ಪೆಟ್ರೋಲ್ ಎಂಜಿನ್. ಅದಕ್ಕೆ ಎರಡು ಸೆನ್ಸರ್ ಕೂರಿಸಿದ. ಒಂದು ಶಾಖದ್ದು. ಉಂಗುರದಂಥ ಸಣ್ಣ ತುಂಡು, ಸ್ಪಾರ್ಕ್ ಪ್ಲಗ್ಗಿನ ಬುಡದಲ್ಲಿ ವಾಷರಿನ ಹಾಗೆ ಕೂರುತ್ತದೆ. ಮೊದಲು ಅದರ ವೈರನ್ನು ಪ್ಲಗ್ಗಿನ ವೈರಿನ ಜೊತೆಗೇ ಕಟ್ಟಿದ್ದಕ್ಕೆ ಎಂಜಿನ್ ಶುರುವಾದ ಕೂಡಲೇ ಮುನ್ನೂರು ಡಿಗ್ರಿ ತೋರಿಸಿ ಎರಡು ದಿನ ತಲೆ ಕೆಡಿಸಿತ್ತು. ಬೇರೆ ದಾರಿಯಲ್ಲಿ ಎಳೆದ ಮೇಲೆ ಬುದ್ಧಿಗೆ ಬಂತು. ಇನ್ನೊಂದು ವೇಗದ್ದು. ಪೆನ್ಸಿಲಿಗಿಂತ ಸಣ್ಣ ಕೊಳವೆ, ಎಡ ರೆಕ್ಕೆಯ ಅಂಚಿನಿಂದ ಮುಂದಕ್ಕೆ ಚಾಚಿಕೊಂಡಿರುತ್ತದೆ. ತುದಿಯಲ್ಲಿ ಒಂದು ತೂತು, ಎದುರಿಗೆ ನುಗ್ಗುವ ಗಾಳಿಯ ಒತ್ತಡ ತಿಳಿಯಲು. ಮೈಸುತ್ತ ಸೂಜಿಮೊನೆಯಷ್ಟು ನಾಲ್ಕು ತೂತು, ಆ ಎತ್ತರದಲ್ಲಿ ಸುಮ್ಮನಿರುವ ಗಾಳಿಯ ಒತ್ತಡ ತಿಳಿಯಲು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದೇ ವೇಗದ ಲೆಕ್ಕ. ಅಂಕಿಗಳು ರಿಮೋಟಿಗೆ ಬರುತ್ತವೆ, ರಿಮೋಟು ಅವನ್ನು ಇಯರ್‌ಫೋನಿನಲ್ಲಿ ಓದಿ ಹೇಳುತ್ತದೆ.

ಓದುವ ದನಿ ಅವನ ಹೆಂಡತಿ ಶೋಭಾರಾಣಿಯದು. ರಿಮೋಟಿನೊಳಗಿದ್ದ ಇಂಗ್ಲಿಷಿನ ಹೆಂಗಸು ಏನು ಹೇಳುತ್ತಾಳೋ ಅವನಿಗೆ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಹಾಗಾಗಿ ಹೆಂಡತಿಯನ್ನು ಕೂರಿಸಿ ಒಂದರಿಂದ ಇನ್ನೂರೈವತ್ತರವರೆಗೆ ಎಣಿಕೆ, ಜೊತೆಗೆ ಶಾಖದ ಅಂಕಿಗೆ ಮುಂದೆ ಸೇರಿಸಲು ಹೀಟ್ ಎಂಬ ಮಾತು, ರೆಕಾರ್ಡ್ ಮಾಡಿಸಿದ. ಹೊಲಿಗೆ ಮಿಷಿನ್ ಬಿಟ್ಟು ಎದ್ದು ಬಂದಿದ್ದ ಆಕೆ ನೂರಾ ಮೂವತ್ತರ ಹೊತ್ತಿಗೆ ಬೇಸತ್ತು, ಈ ವಯಸ್ಸಿನಲ್ಲಿ ಮಗ್ಗಿ ಒಪ್ಪಿಸುವ ಕರ್ಮ ಯಾಕೆ ಎಂದು ಕೇಳಿದಳು. ಹಾರಿಸುವಾಗ ನಿನ್ನ ದನಿ ಕಿವಿಯಲ್ಲಿದ್ದರೆ ಖುಷಿ ಎಂದ. ಆಕೆ ನಂಬಿದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವನು ಆಡಿದ ಒಂದೇ ಒಂದು ಪ್ರೀತಿಯ ಮಾತು, ಅದೂ ಸುಳ್ಳು.

ಪರೀಕ್ಷೆಯನ್ನೂ ಮಾಡಿದ. ಕೊಳವೆಯನ್ನು ಬೈಕಿನ ಹ್ಯಾಂಡಲಿಗೆ ಕಟ್ಟಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಊರಾಚೆಯ ರಸ್ತೆಯಲ್ಲಿ ಓಡಿಸಿದ. ಬೈಕಿನ ಮುಳ್ಳು ನಲವತ್ತು ಎಂದರೆ ಕಿವಿಯಲ್ಲೂ ನಲವತ್ತು. ಪ್ಲಗ್ಗಿನ ಶಾಖವೂ ಸರಿ ಇತ್ತು. ಅವತ್ತು ಅವನಿಗೆ ಎಂಟು ತಿಂಗಳಲ್ಲಿ ಮೊದಲ ಸಲ ಊಟ ರುಚಿಸಿತು.

ಡಿಸೆಂಬರಿನ ಒಂದು ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ದೇವನಕೊಂಡದ ಹತ್ತಿರ ಅಕ್ಕನ ಹೊಲದಲ್ಲಿ ಗಂಡ ಹೆಂಡತಿ ಸೇರಿ ಎತ್ತಿನ ಬಂಡಿಯಿಂದ ವಿಮಾನ ಇಳಿಸಿದರು. ಅಕ್ಕ ಗಾದಿಲಿಂಗಮ್ಮ ಅವನಿಗಿಂತ ಹದಿಮೂರು ವರ್ಷಕ್ಕೆ ದೊಡ್ಡವಳು. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ. ಅಲ್ಲಿಂದ ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಕುರಿ ಕಾಯ್ದವಳು. ಶೇಂಗಾ ಕಿತ್ತು ಬಯಲಾಗಿದ್ದ ಆಕೆಯ ಹೊಲ ವಿಮಾನ ಓಡಿಸಲು ಹೇಳಿ ಮಾಡಿಸಿದಂತಿತ್ತು. ಪಕ್ಕದಲ್ಲೇ ಆಕೆಯ ಹತ್ತಿ ಹೊಲ, ಅದರಲ್ಲಿ ಹತ್ತಿ ಬಿಡಿಸುವ ಆರು ಹೆಂಗಸರು. ಕಾಲೇಜಿನ ಫಿಸಿಕ್ಸ್ ಮೇಷ್ಟ್ರು ಸೋಮಶೇಖರಪ್ಪ ಕೂಡ ಬಂದಿದ್ದರು. ಭಾನುವಾರ ಅವರ ಕಾಲೇಜಿನಲ್ಲಿ ಸಾವಿರ ಹುಡುಗರ ಮುಂದೆ ಇದೇ ವಿಮಾನ ಹಾರಬೇಕು, ಅದಕ್ಕೆ ಮೊದಲು ಒಮ್ಮೆ ಕಣ್ಣಾರೆ ನೋಡೋಣ ಎಂದು. ಬಂದವರು ಸುಮ್ಮನಿರದೆ, ಇಷ್ಟು ದೂರ ಹಾರಿಸಲು ಹದ್ದಿನ ಕಣ್ಣು ಬೇಕಲ್ಲವಾ ಎಂದು ಹೊಗಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಚಂದ್ರಮೋಹನ ಕಣ್ಣುಜ್ಜಿಕೊಂಡು, ಧೂಳು ಎಂದ.

ಅವನು ಎಂಜಿನ್ನಿನ ಮೇಲೆ ಬಗ್ಗಿ ಪೆಟ್ರೋಲು ತುಂಬುತ್ತಿದ್ದಾಗ ಗಾದಿಲಿಂಗಮ್ಮ ತಂಬಿಗೆ, ತೆಂಗಿನಕಾಯಿ, ವಿಭೂತಿ ಹಿಡಿದು ಬಂದಳು. ಆಕೆಯ ಕೈಯ ವಿಭೂತಿ ಬೀಳದೆ ಆ ಮನೆತನದಲ್ಲಿ ಟ್ರ್ಯಾಕ್ಟರ್ ಹೊರಟಿಲ್ಲ, ಬೋರಿನ ಮೋಟರ್ ತಿರುಗಿಲ್ಲ. ಇದಂತೂ ಆಕಾಶಕ್ಕೆ ಹೋಗುವ ವಸ್ತು. ವಿಭೂತಿಯನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಮೂಗಿಗೆ, ಎರಡೂ ರೆಕ್ಕೆಗೆ, ಬಾಲಕ್ಕೆ, ಗಾಲಿಗೆ ಮೂರು ಮೂರು ಬೆರಳಿನಿಂದ ಎಳೆದಳು. ಎಡ ರೆಕ್ಕೆಯಿಂದ ಚಾಚಿದ್ದ ಕೊಳವೆ ಆಕೆಗೆ ಎತ್ತಿನ ಕೊಂಬಾಗಿ ಕಂಡಿರಬೇಕು. ಕೊಂಬನ್ನು ಬರಿದೇ ಬಿಡುವುದುಂಟೇ? ಅದನ್ನೂ ಸುತ್ತ ಬಳಸಿ ಮೂರು ಪಟ್ಟೆ ಎಳೆದಳು. ಪೂಜೆಯಲ್ಲಿ ಆಕೆಯದು ಯಾವತ್ತೂ ಧಾರಾಳದ ಕೈ. ಮೈಸುತ್ತಲಿನ ನಾಲ್ಕೂ ಸೂಜಿತೂತು ತುಂಬಿಹೋದವು. ಎಳೆಬಿಸಿಲಿಗೆ ಐದೇ ನಿಮಿಷದಲ್ಲಿ ವಿಭೂತಿ ಒಣಗಿ ಗಾರೆಯಾಯಿತು.

ಕಣ್ಣಿದ್ದವನಾಗಿದ್ದರೆ ಓರೆನೋಟದಲ್ಲೇ ನೋಡಿ ಅಕ್ಕಾ ಅದನ್ನ ಮುಟ್ಟಬ್ಯಾಡ ಅನ್ನುತ್ತಿದ್ದ. ಇವನಿಗೆ ಓರೆನೋಟ ಅನ್ನುವುದೇ ಉಳಿದಿರಲಿಲ್ಲ. ಹೊರಡುವ ಮುಂಚೆ ರೂಢಿಯಂತೆ ಕೊಳವೆಯ ತುದಿಗೆ ಬಾಯಿಟ್ಟು ಊದಿದ, ಕಿವಿಯಲ್ಲಿ ಹೆಂಡತಿ ಹದಿನೆಂಟು ಎಂದಳು, ಸರಿ ಇದೆ ಅಂದುಕೊಂಡ. ತುದಿಯ ತೂತು ತೆರೆದೇ ಇತ್ತು. ಮುಚ್ಚಿದ್ದು ಮೈಯ ತೂತುಗಳು. ನೆಲದ ಮೇಲಿನ ಗಾಳಿ ಅವುಗಳೊಳಗೆ ಬಂದಿಯಾಗಿ ಕೂತಿತ್ತು. ಹೀಗಾದರೆ ನೆಲದ ಮೇಲೆ ಲೆಕ್ಕ ಸರಿಯಾಗೇ ಬರುತ್ತದೆ. ಮೇಲೆ ಹೋದಂತೆಲ್ಲ ಹೊರಗಿನ ಒತ್ತಡ ಇಳಿದು ಒಳಗೆ ಬಂದಿಯಾದದ್ದು ಹಾಗೇ ಉಳಿಯುವುದರಿಂದ, ವಿಮಾನ ಎಷ್ಟೇ ಜೋರಾಗಿ ಓಡುತ್ತಿದ್ದರೂ, ಅಂಕಿ ಕೆಳಗಿಳಿಯುತ್ತದೆ.

ಎಂಜಿನ್ ಗುಡುಗಿತು. ವಿಮಾನ ಬಯಲಿನಲ್ಲಿ ಓಡಿತು. ಇಪ್ಪತ್ತು, ಮೂವತ್ತೈದು, ಐವತ್ತು ಎಂದಿತು ಹೆಂಡತಿಯ ದನಿ. ನೆಲ ಬಿಟ್ಟಿತು. ಸೋಮಶೇಖರಪ್ಪ ಚಪ್ಪಾಳೆ ತಟ್ಟಿದರು. ಐವತ್ತೈದು. ಆಮೇಲೆ ನಲವತ್ತೆಂಟು. ಆಮೇಲೆ ಮೂವತ್ತಾರು.

ಮೂವತ್ತೈದಕ್ಕಿಂತ ಕೆಳಗೆ ಹೋದರೆ ರೆಕ್ಕೆಗೆ ಗಾಳಿಯ ಹಿಡಿತ ತಪ್ಪುತ್ತದೆ. ತಪ್ಪಿದರೆ ಹನ್ನೆರಡು ಕೇಜಿ ತೂಕ, ಅರ್ಧ ಲೀಟರ್ ಪೆಟ್ರೋಲು, ತಿರುಗುವ ಫ್ಯಾನು ಎಲ್ಲ ಸೇರಿ ಬಂಡೆಯ ಹಾಗೆ ಬೀಳುತ್ತದೆ. ಚಂದ್ರಮೋಹನ ಪೂರ್ತಿ ಆಕ್ಸಿಲರೇಟರ್ ಕೊಟ್ಟ. ಮೂವತ್ತು ಎಂದಿತು ದನಿ. ಹೀಟ್ ನೂರಾ ಅರವತ್ತು ಎಂದಿತು. ಮೂಗು ಕೆಳಗೆ ಮಾಡಿದ, ಕೂಡಲೇ ಅಂಕಿ ಅರವತ್ತಕ್ಕೆ ಏರಿತು. ಮೇಲೆತ್ತಿದ, ಇಪ್ಪತ್ತೆರಡಕ್ಕೆ ಇಳಿಯಿತು. ರೆಕ್ಕೆ ತೂಕ ಹಿಡಿಯುತ್ತಿಲ್ಲ, ಎಲ್ಲೋ ಬಿರುಕು ಬಿಟ್ಟಿದೆ ಎಂದು ಅವನು ತೀರ್ಮಾನಿಸಿದ. ಪಾಪ, ತನ್ನ ಲೆಕ್ಕ ಸರಿ ಎಂದೇ ನಂಬಿದ್ದ. ಎರಡು ಸೆನ್ಸರೂ ಒಂದೇ ಮಾತು ಹೇಳುತ್ತಿದ್ದವಲ್ಲ. ನಿಧಾನಕ್ಕೆ ಹೋದರೆ ಎಂಜಿನ್ನಿಗೆ ಗಾಳಿ ತಾಗದೆ ಕಾಯುತ್ತದೆ, ಅದಕ್ಕೇ ಹೀಟ್ ಏರುತ್ತಿದೆ ಎಂದುಕೊಂಡು ಇನ್ನಷ್ಟು ಓಡಿಸಿದ. ನಿಜವಾಗಿ ವಿಮಾನ ಆ ಹೊತ್ತಿಗೆ ನೂರರ ಮೇಲಿತ್ತು.

ಹತ್ತಿ ಹೊಲದ ಕಡೆಯಿಂದ ಹೆಂಗಸರು ಚೀರಿದ್ದು ಕೇಳಿತು. ಅವರ ತಲೆಯ ಮೇಲೆಯೇ ವಿಮಾನ ಒಮ್ಮೆ ಎರಗಿ ಎದ್ದಿತ್ತು. ಚೀರಾಟ ಬಂದ ಕಡೆಗೆ ಮುಖ ತಿರುಗಿಸಿದ. ಆ ಒಂದು ಗಳಿಗೆಯಲ್ಲಿ ವಿಮಾನ ಅವನ ನೋಟದ ಪೈಪಿನಿಂದ ಜಾರಿತು. ತಿರುಗಿ ಹುಡುಕಿದ. ಇಷ್ಟೇ ಇಷ್ಟು ಆಕಾಶ ಕಾಣುತ್ತಿತ್ತು, ಅದರಲ್ಲಿ ಏನೂ ಇರಲಿಲ್ಲ. ಕತ್ತು ಅತ್ತ ಹೊರಳಿಸಿದ, ಇತ್ತ ಹೊರಳಿಸಿದ. ಸದ್ದು ಎಲ್ಲ ಕಡೆಯಿಂದಲೂ ಬಂದಂತಿತ್ತು. ಹೀಟ್ ನೂರಾ ತೊಂಬತ್ತು. ಹೀಟ್ ಇನ್ನೂರಾ ಹತ್ತು. ತಾನು ಸತ್ತರೆ ಚಿಂತೆಯಿಲ್ಲ, ಆ ಹೆಂಗಸರಲ್ಲಿ ಒಬ್ಬಳು ಸತ್ತರೆ ಏನು ಮಾಡಲಿ ಅನ್ನುವುದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು.

ಆಮೇಲೆ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು.

ಇನ್ನು ಸದ್ದೂ ಇಲ್ಲ. ಎಲ್ಲೋ ಮೇಲೆ ಹನ್ನೆರಡು ಕೇಜಿ ತೇಲುತ್ತ ಇಳಿಯುತ್ತಿದೆ, ಎಲ್ಲಿ ಅಂತ ಅವನಿಗೆ ಗೊತ್ತಿಲ್ಲ. ಕಿವಿಯಲ್ಲಿ ಹೆಂಡತಿ ಮಾತ್ರ ಸಮಾಧಾನದಿಂದ ಹನ್ನೆರಡು, ಹದಿನಾಲ್ಕು ಎಂದು ಎಣಿಸುತ್ತಿದ್ದಳು. ನಿಜವಾದ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಎಂಟು ತಿಂಗಳು ನುಂಗಿಕೊಂಡಿದ್ದ ಮಾತು ಆಗ ತಾನಾಗಿ ಹೊರಬಿತ್ತು.

"ಶೋಭಾ, ನನಗ ವಿಮಾನ ಕಾಣವಲ್ದು."

ಬಿಸಿಲು ಕಣ್ಣಿಗೆ ಹೊಡೆದಿದೆ ಎಂದುಕೊಂಡ ಆಕೆ ಕೈಯನ್ನು ಅವನ ಹಣೆಗೆ ಅಡ್ಡ ಹಿಡಿಯಲು ಹೋದಳು.

"ಬಿಸಿಲಲ್ಲ. ಕಣ್ಣ ಹೋಗ್ಯಾವ ನನಗ. ಎಂಟು ತಿಂಗಳಾತು. ಅದು ಎಲ್ಲೈತಿ ಹೇಳು."

ಸೋಮಶೇಖರಪ್ಪ ಅದನ್ನು ಕೇಳಿಸಿಕೊಂಡು, ಏಮೈಂದಿ ಚಂದ್ರಣ್ಣ, ಏನಾಯಿತು ಎಂದು ತೆಲುಗು ಕನ್ನಡ ಬೆರೆಸಿ ತೊದಲಿ ಎತ್ತಿನ ಬಂಡಿಯ ಕೆಳಗೆ ನುಸುಳಿದರು. ಶೋಭಾರಾಣಿ ಗಂಡನ ಮುಖ ನೋಡಿದಳೋ ಆಕಾಶ ನೋಡಿದಳೋ ಅವನಿಗೆ ತಿಳಿಯಲಿಲ್ಲ. ಆಮೇಲೆ ಆಕೆಯ ದನಿ ಬಂತು, ಮಗ್ಗಿ ಒಪ್ಪಿಸುವಾಗ ಇದ್ದಷ್ಟೇ ಸಪಾಟಾಗಿ.

"ಗುಡ್ಡದ ಕಡಿಗೆ ಹೊಂಟೈತಿ. ಬೇವಿನ ಮರದ ಕಡಿಗೆ ತಿರುಗಿಸ್ರಿ."

ಸ್ಪೀಡ್ ಇಲ್ಲ, ತಿರುಗಿಸಿದರೆ ಬಿದ್ದುಬಿಡುತ್ತದೆ ಎಂದ. ಅಷ್ಟು ನಿಧಾನ ಏನಿಲ್ಲ, ಬಸ್ಸಿನಂತೆ ಬರುತ್ತಿದೆ ಎಂದಳು ಆಕೆ. ಕಿವಿಯೊಳಗಿನ ಶೋಭಾರಾಣಿ ಹದಿನೈದು ಅನ್ನುತ್ತಿದ್ದಳು, ಪಕ್ಕದ ಶೋಭಾರಾಣಿ ಬಸ್ಸು ಅನ್ನುತ್ತಿದ್ದಳು. ಯಾರನ್ನು ನಂಬಬೇಕು? ತಾನೇ ನಟ್ಟು ಬಿಗಿದು, ತಾನೇ ಬೈಕಿಗೆ ಕಟ್ಟಿ ಪರೀಕ್ಷೆ ಮಾಡಿದ ಯಂತ್ರ ಅದು. ಇಡೀ ಹೊಸ ಬದುಕನ್ನೇ ಅದರ ಮೇಲೆ ನಿಲ್ಲಿಸಿದ್ದ. ಚಂದ್ರಮೋಹನ ಇಯರ್‌ಫೋನ್ ಕಿತ್ತು ಎಸೆದ. ರಿಮೋಟಿನ ಕಡ್ಡಿಯನ್ನು ಬೇವಿನ ಮರದ ಕಡೆಗೆ ಒತ್ತಿದ.

ಸಾಕು ಎಂದಳು. ಈಗ ನೆಟ್ಟಗೆ ಬಿಡ್ರಿ ಎಂದಳು. ಬಯಲಿನವರೆಗೆ ಬರುವಂತೆ ಕಾಣುವುದಿಲ್ಲ, ಹತ್ತಿಯ ಮೇಲೆಯೇ ಇಳಿಯುತ್ತಿದೆ ಎಂದಳು.

"ಹತ್ತಿಯೊಳಗ ಯಾರನ ಅದಾರ?"

"ಯಾರೂ ಇಲ್ಲ. ಎಲ್ಲಾರೂ ಬದುವಿಗೆ ಓಡ್ಯಾರ."

"ಅಕ್ಕ?"

"ನನ್ನ ಹಿಂದ ಅದಾರ."

ಅವನ ಕೈ ನಿಂತಿತು. ಇಲ್ಲಿಯವರೆಗೆ ಕಡ್ಡಿಯ ಮೇಲೆ ಕುಣಿಯುತ್ತಿದ್ದ ಹೆಬ್ಬೆರಳುಗಳು ತಾವಾಗಿಯೇ ಹಗುರಾದವು. ಬಿದ್ದರೆ ಗಿಡದ ಮೇಲೆ ಬೀಳುತ್ತದೆ, ಹೋದರೆ ವಿಮಾನ ಹೋಗುತ್ತದೆ, ಹೋಗಲಿ. ಇಳಿಸ್ರಿ ಎಂದಳು, ಇಳಿಸಿದ. ಇನ್ನೊಂಚೂರು ಎಂದಳು, ಇಳಿಸಿದ. ಅಷ್ಟರಲ್ಲಿ ಆಕೆಯ ಉಗುರು ಅವನ ತೋಳಿಗೆ ನಾಟಿತು.

"ಈಗ ಮೂಗು ಎತ್ರಿ. ಎತ್ರಿ."

ಎಂಜಿನ್ ಇಲ್ಲದ ವಿಮಾನದ ಮೂಗೆತ್ತಿದರೆ ಇರುವ ವೇಗವೂ ಸತ್ತು ಹೋಗುತ್ತದೆ. ಖಾಲಿ ಹೊಲದಲ್ಲಿ ಹಾಗೇ ಇಳಿಯಲು ಬಿಡುವುದು ಬಿಟ್ಟು ಎತ್ತುವುದು ಯಾಕೆ ಎಂದು ಅವನ ಬುದ್ಧಿ ಕೇಳಿತು. ಕೈ ಮಾತ್ರ ಕೇಳಲಿಲ್ಲ, ಎತ್ತಿತು. ಗಾಳಿ ಸೀಳಿದ ಸದ್ದು ಬಂತು. ಅದಾದ ಮೇಲೆ ಗಿಡಗಳು ಪಟಪಟನೆ ಮುರಿದ ಸದ್ದು, ಒಂದು ಪೆಟ್ಟಿನ ಸದ್ದು, ಆಮೇಲೆ ಏನೂ ಇಲ್ಲ. ಬೆಂಕಿ ಹತ್ತಿತಾ ಎಂದು ಕೇಳಿದ. ಇಲ್ಲ ಎಂದಳು. ಯಾರಿಗಾದರೂ ಏನಾದರೂ ಆಯಿತಾ ಎಂದು ಕೇಳಿದ. ಆಕೆ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಚಂದ್ರಮೋಹನ ಹಿಂದಕ್ಕೆ ತಿರುಗಿದ. ಹೆಂಡತಿಯ ಹಿಂದೆ ನಿಂತಿದ್ದ ಅಕ್ಕನಿಗೆ, ಹೆದರಬೇಡ, ಆಯಿತು ಎಂದು ಹೇಳಲು. ಬಂಡಿಯ ಗಾಲಿ ಕಂಡಿತು. ಗಾಲಿಯ ಸಂದಿಯಲ್ಲಿ ಮೇಷ್ಟ್ರ ಮುಖ ಕಂಡಿತು. ಅಕ್ಕ ಕಾಣಲಿಲ್ಲ. ಪೈಪಿನಂಥ ನೋಟವನ್ನು ಎಡಕ್ಕೆ ಬಲಕ್ಕೆ ಸರಿಸಿ ಹುಡುಕುತ್ತಿದ್ದಾಗ ಬೆನ್ನ ಹಿಂದಿನಿಂದ, ಹತ್ತಿ ಹೊಲದ ಕಡೆಯಿಂದ ದನಿ ಬಂತು.

"ಲೇ ಚಂದ್ರಾ, ನನ್ನ ಸೆರಗ ಹರಕೊಂಡು ಹೋತಲೋ ನಿನ್ನ ಇಮಾನ."

ಗಾದಿಲಿಂಗಮ್ಮ ಕುಂಟುತ್ತ ಬಂದಳು. ತಲೆಯ ಮೇಲೆ ಸೆರಗಿರಲಿಲ್ಲ, ಬಿಳಿಕೂದಲಿಗೆ ಮಣ್ಣು, ಒಣ ಎಲೆ, ಹತ್ತಿ ಎಲ್ಲ ಅಂಟಿತ್ತು. ವಿಮಾನ ಮೊದಲ ಸಲ ಎರಗಿದಾಗಲೇ ಹೆಂಗಸರನ್ನು ಓಡಿಸಲು ಹೋದವಳು ಆಕೆ. ಆರು ಜನರನ್ನು ಬದುವಿಗೆ ಅಟ್ಟಿದ ಮೇಲೆ ಮೊಣಕಾಲು ಹಿಡಿದುಕೊಂಡು ಸಾಲಿನ ನಡುವೆ ಕುಸಿದು ಕೂತಿದ್ದಳು. ಎದುರಿಗೆ ಸದ್ದಿಲ್ಲದೆ ಬರುವುದನ್ನು ಕಂಡು ಮಲಗಿಬಿಟ್ಟಳಂತೆ. ತಲೆಯ ಹತ್ತಿರ ಬಂದದ್ದು ಯಾರೋ ಎತ್ತಿ ಹಿಡಿದಂತೆ ಮೇಲೆದ್ದು ದಾಟಿತಂತೆ, ಗಾಲಿಗೆ ಸೆರಗು ಸಿಕ್ಕಿತಂತೆ. ತಾನು ಹಚ್ಚಿದ ವಿಭೂತಿಯೇ ಕಾಯಿತು ಎಂದು ಆಕೆ ಕೈಮುಗಿದಳು. ಸೂಜಿತೂತುಗಳ ಸಂಗತಿ ಚಂದ್ರಮೋಹನನಿಗೆ ಗೊತ್ತಾದದ್ದು ಮರುದಿನ, ಮುರಿದ ರೆಕ್ಕೆಯನ್ನು ಕೈಯಿಂದ ತಡವುವಾಗ. ಆಕೆಗೆ ಇವತ್ತಿಗೂ ಗೊತ್ತಿಲ್ಲ, ಹೇಳುವವರಿಗೆ ಬಾಯಿ ಬರುವುದಿಲ್ಲ.

ಮೇಷ್ಟ್ರು ಬಂಡಿಯ ಕೆಳಗಿನಿಂದ ಎದ್ದು, ಪ್ಯಾಂಟು ಝಾಡಿಸಿಕೊಂಡು, ಭಾನುವಾರದ ಮಾತೆತ್ತದೆ ಅಕ್ಕನಿಗೆ ನೀರು ತರಲು ಹೋದರು. ಚಂದ್ರಮೋಹನ ಇನ್ನೂ ರಿಮೋಟು ಹಿಡಿದೇ ನಿಂತಿದ್ದ. ಅಕ್ಕ ಸಾಲಿನಲ್ಲಿ ಮಲಗಿದ್ದಳು. ತಾನು ಖಾಲಿ ಹೊಲ ಎಂದುಕೊಂಡು ನಿರಾಳವಾಗಿ ಇಳಿಸುತ್ತಿದ್ದ. ಆ ಹೆದರಿಕೆ ಈಗ ಹಿಂದಿನಿಂದ ಬಂದು ಅವನನ್ನು ಹಿಡಿಯಿತು. ಹೆದರಿಕೆಗೆ ಹೋಗಲು ಬೇರೆ ದಾರಿ ಸಿಗದೆ ಸಿಟ್ಟಾಯಿತು.

"ಅಕ್ಕ ನಿನ್ನ ಹಿಂದ ಅದಾಳ ಅಂದಿದ್ದೆಲ್ಲ. ಅಂಥಾ ಸುಳ್ಳು ಹ್ಯಾಂಗ ಹೇಳಿದಿ ನೀನು?"

"ಖರೇ ಹೇಳಿದ್ರ ನಿಮ್ಮ ಕೈ ನಿಲ್ತಿರಲಿಲ್ಲ," ಎಂದಳು ಶೋಭಾರಾಣಿ. ಅಲ್ಲಿಯವರೆಗೆ ಸಪಾಟಾಗಿದ್ದ ದನಿ ಆಗ ಒಡೆಯಿತು. "ನಾ ಹೇಳಿದ್ದು ಒಂದ ನಿಮಿಷದ ಸುಳ್ಳು. ನೀವು ಎಂಟು ತಿಂಗಳು ಹೇಳಿದ್ರಿ."

ಅವನು ಆಕೆಯ ಮುಖ ನೋಡಬೇಕೆಂದು ಕತ್ತು ಹೊರಳಿಸಿದ. ಮುಖ ಅಲ್ಲಿ ಸಿಗಲಿಲ್ಲ, ಭುಜ ಸಿಕ್ಕಿತು, ಆಮೇಲೆ ಕಿವಿ. ಎಷ್ಟು ಹತ್ತಿರ ನಿಂತಿದ್ದರೂ ತನ್ನನ್ನು ಅವನು ಹೀಗೆ ಹುಡುಕಬೇಕು ಎಂಬುದನ್ನು ಶೋಭಾರಾಣಿ ಆಗ ಕಂಡಳು. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಅವನಿಗೆ ಕಾಣುವ ಜಾಗದಲ್ಲಿ ನಿಂತಳು.